ಪ್ರತಿಕ್ರಿಯೆ: ಕಡಲೆಹಿಟ್ಟು, ನಿಂಬೆರಸ ಮತ್ತು ಮುಖದ ಉರಿ

ರಾಯಚೂರಿನ ಬಿಸಿಲಿಗೆ ಕಂದಿದ ಮುಖಕ್ಕೆ ಕಡಲೆಹಿಟ್ಟು, ನಿಂಬೆರಸ ಹಚ್ಚಿದರೆ ಉರಿಯುವುದೇಕೆ, ಸೂಕ್ಷ್ಮ ಚರ್ಮಕ್ಕೆ ಬದಲಿ ಏನು ಎಂದು ಕೇಳಿದ್ದೀರಿ. ಚರ್ಮದ ಮೇಲ್ಪದರದ ಪಿಎಚ್ (ಆಮ್ಲೀಯತೆಯ ಅಳತೆ; ಸಂಖ್ಯೆ ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5 ಇದ್ದರೆ ನಿಂಬೆರಸದ್ದು 2ರ ಆಸುಪಾಸಿನಲ್ಲಿರುವುದರಿಂದ ಉರಿ ಸಹಜವೇ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಅದರಲ್ಲಿನ ಕೆಲವು ರಾಸಾಯನಿಕಗಳು ಸೂರ್ಯಕಿರಣ ತಾಗಿ ಗುಳ್ಳೆ, ಕಪ್ಪು ಕಲೆಗಳನ್ನೂ ಉಂಟುಮಾಡಬಲ್ಲವು. (ನಮ್ಮ ಕಡೆಯ ಮೇ ತಿಂಗಳಲ್ಲಂತೂ ಆ ಸಾಹಸ ಬೇಡ.) ನಿಂಬೆಯನ್ನು ಪೂರ್ತಿ ಬಿಟ್ಟು, ನುಣ್ಣಗೆ ಪುಡಿ ಮಾಡಿದ ಎರಡು ಚಮಚ ಓಟ್ಸನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ, ಉಜ್ಜದೆ ಹಚ್ಚಿ, ಒಣಗುವ ಮೊದಲೇ ತೊಳೆಯಿರಿ. ಲೋಳೆಸರ ಬಳಸುವುದಾದರೆ, ಕತ್ತರಿಸಿದ ಎಲೆಯಿಂದ ತುರಿಕೆ ತರುವ ಹಳದಿ ರಸ ಸೋರಿಹೋದ ಮೇಲೆ ತಿರುಳನ್ನಷ್ಟೇ ತೆಗೆಯಿರಿ. ಯಾವುದನ್ನೇ ಆಗಲಿ ಮೊದಲು ಮೊಣಕೈಯ ಒಳಭಾಗಕ್ಕೆ ಹಚ್ಚಿ 48 ಗಂಟೆ ಕಾಯಿರಿ. ಕೆಂಪಾದರೆ ಅದು ಮುಖಕ್ಕೆ ಬೇಡ.