ಸೀರಿಯಲ್‌ನಲ್ಲಿ ಕ್ಯಾಮೆರಾ ಗಂಡಸರನ್ನೂ ಹೆಂಗಸರನ್ನೂ ಒಂದೇ ಥರ ನೋಡುತ್ತದಾ?

ಕಥೆ, ಡೈಲಾಗ್ ಎರಡನ್ನೂ ಪಕ್ಕಕ್ಕಿಟ್ಟರೆ, ಬರೀ ಕ್ಯಾಮೆರಾ ಕೆಲಸದಲ್ಲೇ ಹೆಣ್ಣು-ಗಂಡಿನ ವ್ಯತ್ಯಾಸ ಕಾಣುತ್ತದಾ ಅಂತ ಕೇಳಿದ್ದೀರಿ. ಚೆನ್ನಾಗಿಯೇ ಕಾಣುತ್ತದೆ. ನಾನು ಬೆಂಗಳೂರಿನಲ್ಲಿ ನಾಲ್ಕು ವರ್ಷ ಸೀರಿಯಲ್ ಎಡಿಟಿಂಗ್ ಮಾಡಿದವನು. ಕ್ಯಾಮೆರಾ ಹಿಡಿದಿಲ್ಲ, ಹಿಡಿದವರು ಕಳಿಸಿದ್ದನ್ನೆಲ್ಲ ಕೂತು ನೋಡಿದ್ದೇನೆ.

ಹೀರೋ ಬಂದರೆ ಶೂನಿಂದ ಶುರು. ಕಾರಿನ ಬಾಗಿಲು, ನೆಲದ ಮೇಲೆ ಕಾಲು, ಆಮೇಲೆ ಕ್ಯಾಮೆರಾ ಕೆಳಗಿನಿಂದ ಮೇಲಕ್ಕೆ. ಲೋ ಆಂಗಲ್‌ನಲ್ಲಿ ಐದೂವರೆ ಅಡಿಯವನೂ ತೆಂಗಿನಮರದಷ್ಟು ಕಾಣುತ್ತಾನೆ. ಹೀರೋಯಿನ್‌ಗೂ ಕಾಲಿನಿಂದಲೇ ಶುರು, ಆದರೆ ಅಲ್ಲಿ ಗೆಜ್ಜೆ, ಬಳೆ, ಸೆರಗು, ಮುಂಗುರುಳು. ಅವನು ಎಲ್ಲಿಗೋ ಹೊರಟಿರುತ್ತಾನೆ. ಇವಳು ಸುಮ್ನೆ ಬರುತ್ತಿರುತ್ತಾಳೆ, ಕೆಲಸವೆಲ್ಲ ಸೆರಗು ಹಾರಿಸುವ ಫ್ಯಾನಿನದು.

ಇದನ್ನು 'ಮೇಲ್ ಗೇಜ್' ಅಂತ ಹೇಳಿ ಮುಗಿಸುವವರೇ ಜಾಸ್ತಿ. ಸಿನಿಮಾ ಚಿಂತಕಿ ಲಾರಾ ಮಲ್ವಿ 1975ರ ಲೇಖನದಲ್ಲಿ ಹಾಲಿವುಡ್ ಸಿನಿಮಾ ಬಗ್ಗೆ ಬರೆದದ್ದು ಅದು. ನೋಡುವವನು ಗಂಡು, ನೋಡಿಸಿಕೊಳ್ಳುವವಳು ಹೆಣ್ಣು ಅಂತ. ಸಂಜೆ ಏಳರ ಸೀರಿಯಲ್‌ಗೆ ಅದು ಪೂರ್ತಿ ಹೊಂದುವುದಿಲ್ಲ. ಟಿವಿ ಮುಂದೆ ಕೂತಿರುವವರು ನಮ್ಮಮ್ಮ, ದೊಡ್ಡಮ್ಮ. ಕ್ಯಾಮೆರಾ ಹುಡುಕುವುದು ಸೊಂಟಕ್ಕಿಂತ ಜಾಸ್ತಿ ಸೀರೆಯ ಅಂಚು, ಜುಮಕಿ. ನಮ್ಮಮ್ಮ ಕಥೆ ಮರೆತರೂ ಬ್ಲೌಸಿನ ಡಿಸೈನ್ ಮರೆಯುವುದಿಲ್ಲ.

ನಾನು ಬೇರೊಂದು ಗುರುತು ಹೇಳುತ್ತೇನೆ. ಯಾರ ಮುಖ ಎಷ್ಟು ಸಲ ಬಂತು ಅಂತ ಎಣಿಸಬೇಡಿ. ಯಾರ ಕಣ್ಣಿನಿಂದ ತೋರಿಸಿದರು ನೋಡಿ.

ಮಾವ "ಈ ಮನೆ ಮಾರಿಬಿಟ್ಟೆ" ಅಂತಾರೆ ಅಂತಿಟ್ಟುಕೊಳ್ಳಿ. ಸೊಸೆಯ ಮುಖಕ್ಕೆ ಮೂರು ಝೂಮ್, ಢಣ್ ಢಣ್ ಢಣ್. ಪಕ್ಕದಲ್ಲಿರುವ ಗಂಡನಿಗೆ ಸೊಂಟದಿಂದ ಮೇಲಕ್ಕೆ ತೋರಿಸುವ ಒಂದು ಮಿಡ್ ಶಾಟ್ ಸಾಕು, ದವಡೆ ಬಿಗಿ ಮಾಡಿದರೆ ಅವನ ಕೆಲಸ ಮುಗೀತು. ಸೊಸೆಯ ಮುಖ ಹತ್ತು ಸಲ ಬಂದರೂ ಅವಳು ನೋಡುತ್ತಿರುವುದು ಏನನ್ನು? ಮಾವನ ಕೈಯಲ್ಲಿರುವ ಪತ್ರವನ್ನಾ, ಗಂಡನ ಮುಖವನ್ನಾ? ಆ ಶಾಟ್ ಹೆಚ್ಚಾಗಿ ಇರುವುದೇ ಇಲ್ಲ.

ಅದು ಯಾರಿಗೆ ಸಿಗುತ್ತೆ ಗೊತ್ತಾ? ವಿಲನ್ ಅತ್ತಿಗೆಗೆ. ಅವಳು ಬಾಗಿಲ ಸಂದಿಯಲ್ಲಿ ಇಣುಕುತ್ತಾಳೆ, ಕ್ಯಾಮೆರಾ ಅವಳ ಭುಜದ ಹಿಂದೆ ನಿಂತು ತಾನೂ ಇಣುಕುತ್ತದೆ. ಹೀರೋಗೆ ಸಿಗುವ ಲೋ ಆಂಗಲ್ ಕೂಡ ಮನೆ ಹೆಂಗಸರಲ್ಲಿ ಅವಳಿಗೇ. ಒಳ್ಳೆಯವಳು ನೋಡಿಸಿಕೊಳ್ಳಬೇಕು, ಕಣ್ಣು ಬಿಟ್ಟು ನೋಡುವವಳು ಕೆಟ್ಟವಳು. ಇಷ್ಟು ಒರಟಾದ ಮಾತನ್ನು ಯಾವ ಡೈಲಾಗ್ ರೈಟರೂ ಬರೆಯುವುದಿಲ್ಲ, ಅಲ್ವಾ? ಕ್ಯಾಮೆರಾ ದಿನಾ ಹೇಳುತ್ತದೆ.

ಇದಕ್ಕೆ ಎದುರಾಗಿ 2017ರಲ್ಲಿ ಅಮೆರಿಕದ ಸ್ಟ್ರೀಮಿಂಗ್ ಸೇವೆ ಹುಲುವಿನಲ್ಲಿ ಶುರುವಾದ 'ದಿ ಹ್ಯಾಂಡ್‌ಮೇಡ್ಸ್ ಟೇಲ್' ಸೀರೀಸ್ ನೋಡಿ. ಮೊದಲ ಮೂರು ಎಪಿಸೋಡ್‌ಗಳ ನಿರ್ದೇಶಕಿ ರೀಡ್ ಮೊರಾನೊ, ಆಕೆ ಸ್ವತಃ ಛಾಯಾಗ್ರಾಹಕಿ. ಆದರೆ ಇಲ್ಲಿ ಕ್ಯಾಮೆರಾ ಕಾಲಿನ್ ವಾಟ್ಕಿನ್ಸನ್ ಅವರದು. ಅಲ್ಲೂ ಕ್ಲೋಸಪ್‌ಗೆ ಬರ ಇಲ್ಲ. ಆಳುವವರಿಗೆ ಮಕ್ಕಳು ಹೆತ್ತುಕೊಡಲೆಂದೇ ಇಟ್ಟುಕೊಂಡ, ಕೆಂಪು ಬಟ್ಟೆಯ ಹೆಂಗಸರ ಕಥೆ ಅದು. ಅವರು ಹೊರಗೆ ಹೋಗುವಾಗ ಬಿಳಿ ಟೋಪಿ ಹಾಕಿಕೊಳ್ಳಬೇಕು, ಜಟಕಾ ಕುದುರೆಯ ಕಣ್ಣುಪಟ್ಟಿ ಥರ, ಅಕ್ಕಪಕ್ಕ ಕಾಣಬಾರದು. ಕ್ಯಾಮೆರಾ ಆ ಟೋಪಿಯೊಳಗೇ ತೂರಿಕೊಂಡಂತೆ ಹತ್ತಿರ ಹೋಗುತ್ತದೆ. ನಾಯಕಿ ಎಲಿಸಬೆತ್ ಮಾಸ್ ಮುಖವೊಂದೇ ಫೋಕಸ್‌ನಲ್ಲಿ, ಹಿಂದಿನದೆಲ್ಲ ಮಸುಕು. ಆ ಕಣ್ಣು ಎತ್ತ ಹೊರಳಿತು ಅಂತ ನಾವೂ ಕಾಯುತ್ತೇವೆ, ಕದ್ದು ನೋಡುವುದೇ ಅವಳಿಗೆ ಉಳಿದಿರುವ ದಾರಿ. ಅದೇ ಹೆಂಗಸರನ್ನು ಮೇಲಿನಿಂದ ತೆಗೆದಾಗ ಬರೀ ಕೆಂಪು ಚುಕ್ಕೆಗಳು. ಆಳುವವರ ಕಣ್ಣಿಗೆ ಅವರು ಅಷ್ಟೇ. ನಮ್ಮಲ್ಲಿ ಕ್ಲೋಸಪ್ ಅಂದರೆ ಅವಳು ಅಳುತ್ತಿದ್ದಾಳೆ, ಅಲ್ಲಿ ಕ್ಲೋಸಪ್ ಅಂದರೆ ಏನೋ ಲೆಕ್ಕ ಹಾಕುತ್ತಿದ್ದಾಳೆ.

ನಮ್ಮವರಿಗೆ ಬರುವುದಿಲ್ಲ ಅಂತಲ್ಲ. ದಿನಕ್ಕೊಂದು ಎಪಿಸೋಡ್ ಹೋಗಬೇಕು, ಮುಖದ ಮೇಲೆ ಲೈಟ್ ಹೇಗೂ ಇರುತ್ತದೆ, ಇನ್ನೊಂದು ಶಾಟ್‌ಗೆ ಕ್ಯಾಮೆರಾ ತಿರುಗಿಸುವ ಪುರಸೊತ್ತು ಎಲ್ಲಿ? ಆದರೆ ವಿಲನ್ನಿಗೆ ಮಾತ್ರ ಆ ಪುರಸೊತ್ತು ಹೇಗೋ ಸಿಗುತ್ತದೆ.

ಒಂದು ಸಲ ಹೀರೋಯಿನ್ ಗಂಡನ ಬೀರುವಿನಲ್ಲಿ ಹಳೇ ಕಾಗದ ನೋಡುವ ಸೀನ್ ಬಂತು. ಅಪರೂಪಕ್ಕೆ ಕಾಗದದ ಶಾಟ್ ತೆಗೆದಿದ್ದರು. ಎರಡು ಸೆಕೆಂಡ್ ಹಾಕಿದೆ, ಅವಳು ಓದಿದ ಸಾಲನ್ನು ನಾವೂ ಓದುವ ಹಾಗೆ. ರಿವ್ಯೂಗೆ ಕೂತವರು, "ಕಾಗದ ಯಾರಿಗ್ ಬೇಕು? ಕಣ್ಣೀರ್ ಬಿದ್ದಿದ್ ಟೇಕ್ ಇದೆ ನೋಡು, ಎರಡು ಸಲ ಹಾಕು" ಅಂದರು. ಹಾಕಿದೆ. ಎಪಿಸೋಡಿನ ಇಪ್ಪತ್ತೆರಡು ನಿಮಿಷಕ್ಕೆ ಇನ್ನೂ ಆರು ಸೆಕೆಂಡ್ ಕಡಿಮೆ ಇತ್ತು. ಮೂರನೇ ಸಲವೂ ಹಾಕಿದೆ.