ಮನೆಯಲ್ಲಿ ಮೂರು ವಯಸ್ಸಿನ ಓದುಗರಿದ್ದರೆ ಹೊಸ ಪುಸ್ತಕ ಯಾರಿಗೆ ಬೇಕು?

ನಿಮ್ಮ ಮನೆಯಲ್ಲಿ ನೀವಿಬ್ಬರು ದೊಡ್ಡವರು, 14 ವರ್ಷದ ಮಗಳು, 7 ವರ್ಷದ ಮಗ. ಎಲ್ಲರಿಗೂ ಹೊಸದಾಗಿ ಬಂದ ಪುಸ್ತಕಗಳನ್ನೇ ತರಬೇಕು ಅಂತ ನಿಮಗೆ ಆಸೆ. ಆದರೆ ಎಲ್ಲಿ ಹುಡುಕಿದರೂ ಅದೇ ಹಳೇ ಹೆಸರುಗಳ ಪಟ್ಟಿ ಎದುರಾಗುತ್ತದೆ, ಹೊಸದನ್ನು ಹೇಗೆ ಆರಿಸುವುದು ಅಂತ ಕೇಳಿದ್ದೀರಿ.

ಗ್ರಂಥಾಲಯಕ್ಕೆ ಪುಸ್ತಕ ಆರಿಸುವುದು ನನ್ನ ಕೆಲಸ. ಆ ಅನುಭವದ ಮೇಲೆ ಹೇಳುವುದಾದರೆ, ನಿಮ್ಮ ಮನೆಯ ನಾಲ್ವರಿಗೂ ಹೊಸ ಪುಸ್ತಕ ಬೇಕಾಗಿಲ್ಲ. ಮಗಳಿಗೆ ಬೇಕು. ಮಗನ ಮಾಹಿತಿ ಪುಸ್ತಕಗಳು ಹೊಸದೇ ಆಗಿರಬೇಕು. ಅವನ ಕಥೆ ಪುಸ್ತಕಗಳಿಗೆ ವರ್ಷ ನೋಡಲೇಬೇಡಿ. ನೀವಿಬ್ಬರು ಒಂದು ವರ್ಷ ಕಾದರೂ ಏನೂ ನಷ್ಟವಿಲ್ಲ.

ಮಗನಿಂದ ಶುರು ಮಾಡುತ್ತೇನೆ. ಅವನು ಇನ್ನೂ ಕೇಳಿಲ್ಲದ ಕಥೆ ಎಲ್ಲವೂ ಅವನಿಗೆ ಹೊಸದೇ. ಅದು ಹೋದ ತಿಂಗಳು ಅಚ್ಚಾಯಿತೋ, ಅವನ ಅಜ್ಜನ ಕಾಲದಲ್ಲಿ ಅಚ್ಚಾಯಿತೋ, ಅವನಿಗೇನು? ಆದರೆ ಡೈನೊಸಾರ್, ಗ್ರಹಗಳು, ಪ್ರಾಣಿಗಳು, ಮನುಷ್ಯನ ದೇಹ ಅಂತ ಬರುವ ಮಾಹಿತಿ ಪುಸ್ತಕಗಳ ಮಾತೇ ಬೇರೆ. ಅಲ್ಲಿ ಹಳೆಯದು ಅಂದರೆ ಎಷ್ಟೋ ಸಲ ತಪ್ಪು ಅಂತಲೇ ಅರ್ಥ.

ಡೈನೊಸಾರ್ ಪುಸ್ತಕ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಟಿ. ರೆಕ್ಸ್, ಅಂದರೆ ಟೈರನೊಸಾರಸ್ ರೆಕ್ಸ್ ಅನ್ನುವ ದೈತ್ಯ ಡೈನೊಸಾರ್‌ನ ಚಿತ್ರವನ್ನು. ಅದು ಬಾಲವನ್ನು ನೆಲಕ್ಕೆ ಊರಿ ನೆಟ್ಟಗೆ ನಿಂತಿದ್ದರೆ ಪುಸ್ತಕ ವಾಪಸ್ ಕಪಾಟಿಗೆ. ಅದು ಮೈಯನ್ನು ಮುಂದಕ್ಕೆ ಚಾಚಿ, ಬಾಲವನ್ನು ನೆಲದಿಂದ ಮೇಲೆತ್ತಿ ನಡೆಯುತ್ತಿತ್ತು ಅಂತ ವಿಜ್ಞಾನಿಗಳು 1970ರ ದಶಕದಿಂದಲೇ ಹೇಳುತ್ತಿದ್ದಾರೆ. ಆಮೇಲೆ ಗರಿ ನೋಡುತ್ತೇನೆ. 1996ರಲ್ಲಿ ಚೀನಾದಿಂದ ಸೈನೊಸಾರೊಪ್ಟೆರಿಕ್ಸ್ ಅನ್ನುವ ಪುಟ್ಟ ಡೈನೊಸಾರ್‌ನ ಪಳೆಯುಳಿಕೆ ಬೆಳಕಿಗೆ ಬಂತು. ಅದರ ಮೈಮೇಲೆ ಗರಿಯಂಥ ಎಳೆಗಳ ಗುರುತಿತ್ತು. ಇವತ್ತಿನ ಪುಸ್ತಕದಲ್ಲಿ ಗರಿಯ ಮಾತೇ ಇಲ್ಲದಿದ್ದರೆ ಬರೆದವರು ಬಹಳ ಹಿಂದೆಯೇ ನಿಂತುಬಿಟ್ಟಿದ್ದಾರೆ ಅಂತ ತಿಳಿಯಿರಿ.

ಗ್ರಹಗಳ ಪುಸ್ತಕವಾದರೆ ಪ್ಲೂಟೊ ನೋಡಿ. ಅದನ್ನು ಒಂಬತ್ತನೇ ಗ್ರಹ ಅಂದಿದ್ದರೆ ಒಳಗಿನ ವಿಷಯ 2006ಕ್ಕಿಂತ ಹಿಂದಿನದು, ಆ ವರ್ಷವೇ ಅದನ್ನು ಗ್ರಹಗಳ ಸಾಲಿನಿಂದ ಕೈಬಿಟ್ಟರು. ಇನ್ನೊಂದು ಗುರುತು ಶನಿಯ ಉಪಗ್ರಹಗಳು. 2025ರ ಮಾರ್ಚ್‌ನಲ್ಲಿ ಒಂದೇ ಸಲಕ್ಕೆ 128 ಹೊಸವು ಸೇರಿ ಲೆಕ್ಕ 274ಕ್ಕೆ ಏರಿತು. ಎಲ್ಲ ಪುಸ್ತಕವೂ ಈ ಸಂಖ್ಯೆಯನ್ನೇ ಕೊಡಬೇಕು ಅಂತಲ್ಲ. 'ಇಂಥ ವರ್ಷದವರೆಗೆ ಇಷ್ಟು ಸಿಕ್ಕಿವೆ, ಇನ್ನೂ ಸಿಗಬಹುದು' ಅಂತ ಬರೆದಿದ್ದರೆ ಸಾಕು. ಅಂಥ ಲೇಖಕರ ಮೇಲೆ ನನಗೆ ನಂಬಿಕೆ ಜಾಸ್ತಿ.

ಮುಖಪುಟ ಹೊಸದಾಗಿ ಹೊಳೆಯುತ್ತಿದೆ ಅಂತ ಮೋಸಹೋಗಬೇಡಿ. ಶೀರ್ಷಿಕೆ ಪುಟದ ಹಿಂಬದಿ ತಿರುವಿ ನೋಡಿ. ಮೊದಲ ಮುದ್ರಣ ಯಾವಾಗ, ಇದು ಬರೀ ಮರುಮುದ್ರಣವೋ ಪರಿಷ್ಕೃತ ಆವೃತ್ತಿಯೋ ಅನ್ನುವುದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಕೆಲವು ಪ್ರಕಾಶಕರು ಅಲ್ಲಿ ಅಂಕಿಗಳ ಒಂದು ಸಾಲು ಹಾಕಿರುತ್ತಾರೆ. ಅದರಲ್ಲಿ ಉಳಿದಿರುವ ಅತಿ ಚಿಕ್ಕ ಅಂಕಿಯೇ ಅದು ಎಷ್ಟನೇ ಮುದ್ರಣ ಅನ್ನುವುದರ ಗುರುತು. ಯಾರೂ ಓದದ ಪುಟ ಅದು. ನನಗೆ ಬೆನ್ನುಡಿಗಿಂತ ಅದೇ ಹೆಚ್ಚು ಉಪಯೋಗಕ್ಕೆ ಬಂದಿದೆ.

ಪುಟಪುಟಕ್ಕೂ ಚಿತ್ರವಿರುವ ಕಥೆ ಪುಸ್ತಕ ಆರಿಸುವುದು ಸುಲಭ. ಹೆಚ್ಚಿನವು 32 ಪುಟ ಇರುತ್ತವೆ. ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿ ಮಡಚುವುದರಿಂದ ಪುಟಗಳು 8, 16ರ ಲೆಕ್ಕದಲ್ಲೇ ಬರುತ್ತವೆ, ಹಾಗಾಗಿ ಆ ಸಂಖ್ಯೆ. ನಿಂತಲ್ಲೇ ಪೂರ್ತಿ ಓದಿ ಮುಗಿಸಬಹುದು. ಆದರೆ ಬಾಯಿಬಿಟ್ಟು ಓದಿ ನೋಡಿ, ಕನಿಷ್ಠ ತುಟಿಯಾದರೂ ಅಲ್ಲಾಡಲಿ. ಮಗನಿಗೆ ಹಿಡಿಸಿಬಿಟ್ಟರೆ ಅದನ್ನೇ ದಿನಾ ರಾತ್ರಿ ಓದಬೇಕಾದವರು ನೀವು ತಾನೇ? ಪುಸ್ತಕದ ಮೇಲೆ ಬರೆದಿರುವ ವಯಸ್ಸನ್ನು ಗಟ್ಟಿಯಾಗಿ ಹಿಡಿಯಬೇಡಿ. ಮಕ್ಕಳು ತಾವೇ ಓದಿ ತಿಳಿಯುವುದಕ್ಕಿಂತ ಕೇಳಿ ತಿಳಿಯುವುದು ಹೆಚ್ಚು. ನೀವು ಓದಿ ಹೇಳುವುದಾದರೆ ಒಂದೆರಡು ವರ್ಷ ದೊಡ್ಡವರ ಪುಸ್ತಕವೂ ನಡೆಯುತ್ತದೆ.

ಈಗ ಮಗಳು. ನಿಮ್ಮ ದುಡ್ಡು, ಗಮನ ಎರಡೂ ಹೆಚ್ಚು ಹೋಗಬೇಕಾದದ್ದು ಇಲ್ಲಿಗೆ. ಹದಿಹರೆಯದವರ ಪುಸ್ತಕ ಅಂದರೆ ಪ್ರಕಾಶಕರ ಲೆಕ್ಕದಲ್ಲಿ ಸುಮಾರು 12ರಿಂದ 18. 12ರ ಹುಡುಗಿಗೂ 17ರ ಹುಡುಗಿಗೂ ಒಂದೇ ಕಪಾಟು! ಹಾಗಾಗಿ ನಾನು ಕಥೆಯ ಮುಖ್ಯ ಪಾತ್ರದ ವಯಸ್ಸು ನೋಡುತ್ತೇನೆ. ಮಕ್ಕಳಿಗೆ ಸಾಮಾನ್ಯವಾಗಿ ತಮಗಿಂತ ಒಂದೆರಡು ವರ್ಷ ದೊಡ್ಡವರ ಕಥೆ ಇಷ್ಟ. 14ರವಳಿಗೆ 16ರ ನಾಯಕಿ ಹಿಡಿಸುತ್ತಾಳೆ, 12ರ ನಾಯಕಿಯ ಕಥೆ ಕೊಟ್ಟರೆ 'ಇದು ಚಿಕ್ಕ ಮಕ್ಕಳದ್ದು' ಅಂತ ಪಕ್ಕಕ್ಕಿಡುತ್ತಾಳೆ.

ಹೊಸದೇ ಯಾಕೆ ಅಂದರೆ, ಈ ವಯಸ್ಸಿನವರ ದಿನನಿತ್ಯದ ಬದುಕು ಬೇಗ ಬದಲಾಗುತ್ತದೆ. ಇಬ್ಬರು ಗೆಳತಿಯರ ನಡುವೆ ತಪ್ಪು ತಿಳಿವಳಿಕೆ, ಒಬ್ಬಳ ಪತ್ರ ಇನ್ನೊಬ್ಬಳಿಗೆ ತಲುಪಲಿಲ್ಲ, ಅದರ ಮೇಲೆ ಇಡೀ ಕಾದಂಬರಿ ನಿಂತಿದೆ ಅಂದುಕೊಳ್ಳಿ. ನಿಮ್ಮ ಮಗಳು ಓದಿ 'ಒಂದು ಮೆಸೇಜ್ ಹಾಕಿದ್ದರೆ ಮುಗೀತಿತ್ತು' ಅನ್ನುತ್ತಾಳೆ. ಈಗಿನ ಜಗಳ ಬೇರೆ ತರದ್ದು: ಮೆಸೇಜ್ ಓದಿದ ಗುರುತು ಬಂದಿದೆ, ಉತ್ತರ ಬಂದಿಲ್ಲ. ಗುಂಪಿನಿಂದ ಸದ್ದಿಲ್ಲದೆ ತೆಗೆದುಹಾಕಿದ್ದಾರೆ. ಇದನ್ನು ಒಳಗಿನಿಂದ ಬಲ್ಲವರು ಬರೆದ ಪುಸ್ತಕವೇ ಅವಳಿಗೆ ತನ್ನದು ಅನ್ನಿಸುತ್ತದೆ. ಮಾಯಾಲೋಕದ ಕಥೆ, ಇತಿಹಾಸದ ಕಾದಂಬರಿ ಇವಕ್ಕೆ ಈ ತೊಂದರೆ ಇಲ್ಲ, ಹಳೆಯದಾದರೂ ಆದೀತು. ಸರಣಿ ಪುಸ್ತಕವಾದರೆ ಮಾತ್ರ ಎಷ್ಟು ಭಾಗ ಬಂದಿದೆ ಅಂತ ನೋಡಿಕೊಂಡೇ ಕೊಳ್ಳಿ. ಮೂರನೇ ಭಾಗ ಯಾಕಿನ್ನೂ ಬಂದಿಲ್ಲ ಅಂತ ನನ್ನನ್ನು ಗದರಿಸುವ ಓದುಗರಿದ್ದಾರೆ, ಬರೆಯಬೇಕಾದವನು ನಾನೇ ಅನ್ನೋ ಹಾಗೆ.

ಇನ್ನು ಪಟ್ಟಿಯ ವಿಷಯ. 'ಓದಲೇಬೇಕಾದ ನೂರು ಪುಸ್ತಕ' ಅನ್ನುವಂಥವು ಒಂದರಿಂದ ಒಂದು ನಕಲು ಮಾಡಿಕೊಂಡು ಬೆಳೆದವು, ಅದಕ್ಕೇ ಎಲ್ಲೆಡೆ ಅದೇ ಹೆಸರು. ಆಯಾ ವರ್ಷದ ಪುಸ್ತಕವನ್ನಷ್ಟೇ ತೆಗೆದುಕೊಳ್ಳುವ ಪಟ್ಟಿಗಳನ್ನು ನೋಡಿ. ಜರ್ಮನಿಯ ಮ್ಯೂನಿಕ್‌ನಲ್ಲಿ 1949ರಲ್ಲಿ ಯೆಲ್ಲಾ ಲೆಪ್‌ಮನ್ ಕಟ್ಟಿದ ಅಂತರರಾಷ್ಟ್ರೀಯ ಯುವಜನ ಗ್ರಂಥಾಲಯ 'ವೈಟ್ ರೇವನ್ಸ್' ಅನ್ನುವ ಪಟ್ಟಿ ತರುತ್ತದೆ. ಹಲವು ಭಾಷೆಗಳ ಸುಮಾರು 200 ಹೊಸ ಮಕ್ಕಳ ಪುಸ್ತಕ, ಹದಿಹರೆಯದವರ ಪುಸ್ತಕ ಅದರಲ್ಲಿರುತ್ತವೆ. ಇಂಗ್ಲಿಷ್ ಓದುವ ಮಗಳಿಗಾದರೆ ಅಮೆರಿಕದ ಗ್ರಂಥಾಲಯ ಸಂಘದ ಎರಡು ಬಹುಮಾನಗಳಿವೆ. 2000ರಲ್ಲಿ ಶುರುವಾದ ಪ್ರಿಂಟ್ಜ್ ಹದಿಹರೆಯದವರ ಪುಸ್ತಕಕ್ಕೆ. ಅಲೆಕ್ಸ್ ಅನ್ನುವುದು ಇನ್ನೂ ಸ್ವಾರಸ್ಯದ್ದು. ದೊಡ್ಡವರಿಗಾಗಿ ಬಂದು, ಹದಿಹರೆಯದವರಿಗೂ ಹಿಡಿಸುವಂಥ ಹತ್ತು ಪುಸ್ತಕಗಳನ್ನು ಪ್ರತಿ ವರ್ಷ ಆರಿಸುತ್ತಾರೆ. 'ನಾನೇನು ಮಗುವಾ' ಅನ್ನುವ ಘಟ್ಟ ಬಂದಾಗ ಇದು ಕೈಹಿಡಿಯುತ್ತದೆ.

ನಿಮ್ಮಿಬ್ಬರ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ದೊಡ್ಡ ಪ್ರಕಾಶಕರ ಇಂಗ್ಲಿಷ್ ಕಾದಂಬರಿಗಳು ಹೆಚ್ಚಾಗಿ ಮೊದಲು ಗಟ್ಟಿ ರಟ್ಟಿನಲ್ಲಿ ಬಂದು, ಸುಮಾರು ಒಂದು ವರ್ಷಕ್ಕೆ ಪೇಪರ್‌ಬ್ಯಾಕ್ ಆಗುತ್ತವೆ. ಅಷ್ಟರಲ್ಲಿ ಗದ್ದಲ ಇಳಿದಿರುತ್ತದೆ, ಬೆಲೆಯೂ ಇಳಿದಿರುತ್ತದೆ. ಬಹುಮಾನದ ಪಟ್ಟಿ ನೋಡುವುದಾದರೆ ಗೆದ್ದ ಪುಸ್ತಕಕ್ಕಿಂತ ಬೂಕರ್‌ನ ಮೊದಲ ಸುತ್ತಿನ 12–13 ಪುಸ್ತಕಗಳ ಪಟ್ಟಿ ನೋಡಿ, ಅದರಲ್ಲಿ ನಿಮಗೆ ಹೊಂದುವುದು ಸಿಗುವ ಸಂಭವ ಹೆಚ್ಚು. ಕೊಳ್ಳುವ ಮೊದಲು ನಡುವಿನ ಒಂದು ಪುಟ ಓದಿ. ಮೊದಲ ಅಧ್ಯಾಯವನ್ನು ಎಲ್ಲರೂ ತಿದ್ದಿ ತೀಡಿರುತ್ತಾರೆ, ನಡುವಿನ ಪುಟದಲ್ಲಿ ಬರವಣಿಗೆಯ ನಿಜವಾದ ಮಟ್ಟ ಗೊತ್ತಾಗುತ್ತದೆ.

ಹಿಡಿಸದಿದ್ದರೆ ಬಿಡುವುದು ಯಾವಾಗ ಅನ್ನುವುದಕ್ಕೆ ನ್ಯಾನ್ಸಿ ಪರ್ಲ್ ಅನ್ನುವ ಅಮೆರಿಕದ ಗ್ರಂಥಪಾಲಕಿಯ ನಿಯಮವಿದೆ: 50 ಪುಟ ಓದಿ ನೋಡಿ. 50 ದಾಟಿದವರು ತಮ್ಮ ವಯಸ್ಸನ್ನು 100ರಿಂದ ಕಳೆದು ಉಳಿದಷ್ಟು ಪುಟ ಓದಿದರೆ ಸಾಕು. 60 ಆದವರಿಗೆ 40 ಪುಟ. ಮಗಳಿಗೆ ಇಷ್ಟನ್ನೂ ಹೇರಬೇಡಿ, ಹತ್ತು ಪುಟಕ್ಕೇ ಬಿಟ್ಟರೆ ಬಿಡಲಿ.

ಅವಳ ಪಾಲಿನ ದುಡ್ಡನ್ನು ಅವಳ ಕೈಗೇ ಕೊಟ್ಟು, ಆರಿಸುವುದನ್ನೂ ಅವಳಿಗೇ ಬಿಡಿ. ಓದಿ ಮುಗಿಸಿದ ಮೇಲೆ ಕೇಳಿ ತೆಗೆದುಕೊಂಡು ನೀವೂ ಓದಿ. ಇದರಲ್ಲಿ ನಾಚಿಕೆ ಏನಿಲ್ಲ. 2012ರಲ್ಲಿ ಪುಸ್ತಕೋದ್ಯಮದ ಅಂಕಿಅಂಶ ಕಲೆಹಾಕುವ ಅಮೆರಿಕದ ಬೌಕರ್ ಸಂಸ್ಥೆ ಲೆಕ್ಕ ಹಾಕಿದಾಗ, ಹದಿಹರೆಯದವರಿಗೆ ಅಂತ ಬಂದ ಪುಸ್ತಕಗಳನ್ನು ಕೊಂಡವರಲ್ಲಿ ನೂರಕ್ಕೆ 55 ಮಂದಿ 18 ತುಂಬಿದವರು, ಅವರಲ್ಲೂ ಹೆಚ್ಚಿನವರು ಕೊಂಡದ್ದು ತಾವೇ ಓದುವುದಕ್ಕೆ.