ಸೈನ್ಯ ಮೊದಲೋ, ಠಾಣೆ ಮೊದಲೋ?

ಪ್ರಶ್ನೆ: ಕಳೆದ ಸಂಚಿಕೆಯಲ್ಲಿ ಪಶ್ಚಿಮ ಆಫ್ರಿಕಾದ ಲೈಬೀರಿಯಾ ಕುರಿತ ಲೇಖನವನ್ನು ಓದಿದೆ. ಅಂತರ್ಯುದ್ಧದಿಂದ ಹೊರಬಂದ ದೇಶಕ್ಕೆ ಮೊದಲು ಬೇಕಾದದ್ದು ಬಲಿಷ್ಠ ಸೈನ್ಯವಲ್ಲವೇ? ಪೊಲೀಸ್ ಸುಧಾರಣೆ ನಿಧಾನವಾಗಿ ಆದರೆ ಸಾಲದೇ?
– ಓದುಗರೊಬ್ಬರು, ಗೌರಿಬಿದನೂರು

ಉತ್ತರ: ಸೈನ್ಯವನ್ನು ಕಡೆಗಣಿಸಿದರೆ ಏನಾಗುತ್ತದೆಂಬುದನ್ನು ಇರಾಕಿನಲ್ಲಿ ಕಂಡಿದ್ದೇವೆ. 2003ರ ಮೇ ತಿಂಗಳಲ್ಲಿ ಅಮೆರಿಕದ ಆಡಳಿತವು ಅಲ್ಲಿನ ಸೈನ್ಯವನ್ನು ಒಂದೇ ಆದೇಶದಿಂದ ವಿಸರ್ಜಿಸಿ, ಬಂದೂಕು ಹಿಡಿಯಬಲ್ಲ ಲಕ್ಷಾಂತರ ಮಂದಿಯನ್ನು ಬೀದಿಪಾಲು ಮಾಡಿತು. ಅಷ್ಟರ ಮಟ್ಟಿಗೆ ನಿಮ್ಮ ಮಾತು ಸರಿ.

ಆದರೆ ಹೊಲ ಕಬಳಿಸಿದವನು, ಹೆಣ್ಣುಮಗಳ ಮೇಲೆ ಕೈಮಾಡಿದವನು ಯುದ್ಧ ನಿಂತ ಮೇಲೂ ಅದೇ ಬೀದಿಯಲ್ಲಿ ರಾಜಾರೋಷವಾಗಿ ಓಡಾಡುತ್ತಿರುತ್ತಾನೆ. ಅವನ ಮೇಲೆ ದೂರು ಕೊಡಲು ಯಾವ ಸೇನಾ ಶಿಬಿರಕ್ಕೆ ಹೋಗಬೇಕು? ಲೈಬೀರಿಯಾದಂತೆಯೇ ಅಂತರ್ಯುದ್ಧ ಕಂಡ ನೆರೆಯ ಸಿಯೆರಾ ಲಿಯೋನ್ ಇದನ್ನರಿತು ಪೊಲೀಸ್ ಇಲಾಖೆಯಲ್ಲಿ ಕುಟುಂಬ ನೆರವು ಘಟಕಗಳನ್ನು ತೆರೆಯಿತು. ಅಲ್ಲಿ ಪೊಲೀಸರ ಜೊತೆಗೆ ಸಮಾಜ ಕಾರ್ಯಕರ್ತರೂ ಕುಳಿತು ಹೆಂಗಸರ ಅಹವಾಲು ಕೇಳಿದರು. ನೀವು ಓದಿದ ಲೈಬೀರಿಯಾದ ಸೈನ್ಯವೂ ಸುಮಾರು 2,000 ಮಂದಿಯ ಸಣ್ಣ ಪಡೆ. ಸೇರಬಯಸಿದವರ ಭಾವಚಿತ್ರಗಳನ್ನು ಬಹಿರಂಗವಾಗಿ ಪ್ರಕಟಿಸಿ, ಇವರು ಯುದ್ಧದಲ್ಲಿ ಅತ್ಯಾಚಾರ, ಕೊಲೆ ಮಾಡಿದ್ದರೆ ತಿಳಿಸಿ ಎಂದು ಜನರನ್ನೇ ಕೇಳಿ ಕಟ್ಟಿದ ಪಡೆ ಅದು. ಇನ್ನು 2007ರಲ್ಲಿ ಅದೇ ದೇಶದ ರಾಜಧಾನಿ ಮನ್ರೋವಿಯಾದ ಗಸ್ತಿಗೆ ಹೋದ ನಮ್ಮ ಮಹಿಳಾ ಪೊಲೀಸ್ ತುಕಡಿ, ವಿಶ್ವಸಂಸ್ಥೆಯ ಶಾಂತಿಪಾಲನೆಯಲ್ಲೇ ಆ ಬಗೆಯ ಮೊದಲನೆಯದು. ಅವರನ್ನು ಕಂಡು ಅಲ್ಲಿನ ಹೆಣ್ಣುಮಕ್ಕಳೂ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕತೊಡಗಿದರು. ನಮ್ಮ ಪತ್ರಿಕೆಗಳಿಗೆ ಇದು ದೊಡ್ಡ ಸುದ್ದಿಯಾಗಲಿಲ್ಲ, ಬಿಡಿ.

ಆಗ್ನೇಯ ಏಷ್ಯಾದ ಪುಟ್ಟ ದೇಶ ಪೂರ್ವ ತಿಮೋರ್‌ನ ಕಥೆಯನ್ನೂ ನೋಡಿ. ಸೈನ್ಯವೂ ಪೊಲೀಸರೂ ಪರಸ್ಪರ ಹಗೆ ಸಾಧಿಸುತ್ತಿದ್ದ ಆ ದೇಶದಲ್ಲಿ, 2006ರ ಮೇ ತಿಂಗಳಲ್ಲಿ, ವಿಶ್ವಸಂಸ್ಥೆಯ ರಕ್ಷಣೆಯಲ್ಲಿ ಬರಿಗೈಯಲ್ಲಿ ಹೊರಟಿದ್ದ ಪೊಲೀಸರ ಮೇಲೆ ಸೈನಿಕರೇ ಗುಂಡು ಹಾರಿಸಿದರು. ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟು ಓಡಿದರು.

ಗೌರಿಬಿದನೂರಿನವರಾಗಿ ಪೊಲೀಸ್ ಸುಧಾರಣೆ ನಿಧಾನವಾಗಲಿ ಎಂದು ನೀವು ಬರೆದದ್ದು ನನಗೆ ಸೋಜಿಗ ತಂದಿತು. ನಿಮ್ಮದೇ ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿಸಿದವರು ಪೊಲೀಸರೇ ತಾನೇ?

ತನಿಖೆಯನ್ನು ಬಂದೋಬಸ್ತಿನ ಕೆಲಸದಿಂದ ಬೇರ್ಪಡಿಸಿ, ಪೊಲೀಸರ ವಿರುದ್ಧದ ದೂರುಗಳಿಗೆ ಪ್ರತ್ಯೇಕ ಪ್ರಾಧಿಕಾರ ರಚಿಸಿ ಎಂದು ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಆದೇಶಿಸಿದ್ದು 2006ರಲ್ಲಿ. ರಾಜ್ಯಗಳು ಅಂದಿನಿಂದ ಮೀನಮೇಷ ಎಣಿಸುತ್ತಲೇ ಇವೆ. ಈಚೆಗೆ ತುಮಕೂರಿನ ನಮ್ಮ ಕಚೇರಿಯ ಹುಡುಗನೊಬ್ಬ ಬೈಕ್ ಕಳುವಾಯಿತೆಂದು ಠಾಣೆಗೆ ಹೋದರೆ, ಅವನನ್ನು ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂರಿಸಿದ್ದರು. ಪರಿಚಯದ ಮುಖಂಡರೊಬ್ಬರು ಫೋನ್ ಮಾಡಿದ ಮೇಲೆಯೇ ಅವನ ದೂರಿಗೆ ಸ್ವೀಕೃತಿ ಚೀಟಿ ಸಿಕ್ಕಿತು.